ಹನಿಯ ಅಳತೆ, ಬೆಳಕಿನ ಹಂಚಿಕೆ: ಸೂಕ್ಷ್ಮ ದ್ರವಧಾರೆ ಮತ್ತು ಪ್ರಕ್ಷೇಪಣ ಪರದೆಗಳ ತಂತ್ರವಿಜ್ಞಾನ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ಸೀಮೆಯಲ್ಲಿರುವ ಬುಕ್ಕಾಂಬುಧಿಯ ಹೆಸರಿನಲ್ಲಿ ಒಬ್ಬ ಅರಸನ ನೆನಪೂ ಒಂದು ಜಲರಾಶಿಯ ನೆನಪೂ ಕೂಡಿಕೊಂಡಿವೆ. ಅಂಬುಧಿ ಎಂದರೆ ಕಡಲು. ಕಟ್ಟಿಸಿದ ಕೆರೆಯನ್ನು ಸಮುದ್ರವೆಂದೋ ಸಾಗರವೆಂದೋ ಕರೆಯುವುದು ವಿಜಯನಗರ ಕಾಲದಲ್ಲಿ ಬೇರೂರಿದ್ದ ರೂಢಿ. ಒಂದನೆಯ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೂ ಅನಂತರಾಜಸಾಗರವೆಂಬ ಹೆಸರನ್ನೇ ಇಟ್ಟನು. ಆ ಕೆರೆಯ ಸಂಸ್ಕೃತ ಶಾಸನವು ಉತ್ತಮವಾದ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ನೀರು ಕಡಿಮೆಯಾಗಿ ಉಣಿಸಬೇಕಾದ ನೆಲ ಹೆಚ್ಚಾಗುವುದು ಒಂದು ದೋಷ. ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದು ಮತ್ತೊಂದು. ನೀರನ್ನು ಕೂಡಿಡುವುದಷ್ಟೇ ಅಲ್ಲದೆ ಅದರ ಹಂಚಿಕೆಯ ಪ್ರಮಾಣವೂ ಕೆರೆಯ ಗುಣವನ್ನು ನಿರ್ಧರಿಸುತ್ತದೆಂಬ ತಿಳಿವಳಿಕೆ ಅಂದಿನ ನಿರ್ಮಾಪಕರಿಗೆ ಸ್ಪಷ್ಟವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಈ ಹಂಚಿಕೆಯ ಸಾಧನವೇ ತೂಬು. ಕೆರೆಯ ಏರಿಯೊಳಗಣ ಕಲ್ಲಿನ ರಂಧ್ರ, ಅದನ್ನು ಮುಚ್ಚುವ ಬೆಣೆ, ಬೆಣೆಯನ್ನು ಎತ್ತಿ ಇಳಿಸುವ ನೀರುಗಂಟಿ, ಈ ಮೂರೂ ಸೇರಿ ದ್ರವವೊಂದನ್ನು ಬೇಕಾದ ಹೊತ್ತಿಗೆ ಬೇಕಾದಷ್ಟು ಪ್ರಮಾಣದಲ್ಲಿ ಬೇಕಾದ ಕಡೆಗೆ ಒದಗಿಸುವ ವ್ಯವಸ್ಥೆಯಾಗುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಸೂಕ್ಷ್ಮ ದ್ರವಧಾರಾ ತಂತ್ರಜ್ಞಾನವು ಇದೇ ಕಾರ್ಯವನ್ನು ಕೂದಲಿನಷ್ಟು ಸಣ್ಣ ರಂಧ್ರದಲ್ಲಿ, ಸೆಕೆಂಡಿಗೆ ಸಾವಿರಾರು ಬಾರಿ ನಡೆಸುತ್ತದೆ. ಚಲನಚಿತ್ರ ಮತ್ತು ದೃಶ್ಯಪ್ರದರ್ಶನದ ಕ್ಷೇತ್ರದಲ್ಲಿ ಪ್ರಕ್ಷೇಪಣ ಪರದೆಯು ಮಾಡುವ ಕೆಲಸವೂ ಸ್ವರೂಪದಲ್ಲಿ ಇಂಥದೇ ಆಗಿದೆ. ಅಲ್ಲಿ ಹಂಚಿಕೆಯಾಗುವ ವಸ್ತು ಬೆಳಕು. ಈ ಎರಡು ಆವಿಷ್ಕಾರಗಳನ್ನು ಸಾಮಾನ್ಯವಾಗಿ ದ್ರವವಿಜ್ಞಾನ ಮತ್ತು ದೃಗ್ವಿಜ್ಞಾನಗಳೆಂಬ ಬೇರೆ ಬೇರೆ ಶಾಖೆಗಳಲ್ಲಿ ಚರ್ಚಿಸಲಾಗುತ್ತದೆ. ಇವೆರಡನ್ನೂ ಹಂಚಿಕೆಯ ಸಮಸ್ಯೆಗಳೆಂದು ಒಟ್ಟಿಗೆ ಪರಿಶೀಲಿಸುವುದು, ಕರ್ನಾಟಕದ ಅನುಭವದಲ್ಲಿ ಅವುಗಳ ಸ್ಥಾನವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೂಬಿನಿಂದ ಮೂತಿಗೆ

ರಂಧ್ರದ ಮೂಲಕ ಹೊರಬೀಳುವ ನೀರಿನ ವೇಗಕ್ಕೂ ಅದರ ಮೇಲಿರುವ ನೀರಿನ ಎತ್ತರಕ್ಕೂ ಇರುವ ಸಂಬಂಧವನ್ನು ಇಟಲಿಯ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದನು. ವೇಗವು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ತೂಬಿನ ಮೇಲೆ ನಾಲ್ಕು ಮೀಟರ್ ನೀರಿದ್ದಾಗ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಧಾರೆಯ ವೇಗ ಸೆಕೆಂಡಿಗೆ ಸುಮಾರು 8.9 ಮೀಟರ್, ನೀರು ಒಂದು ಮೀಟರಿಗೆ ಇಳಿದಾಗ ಅದು ಸುಮಾರು 4.4 ಮೀಟರ್. ಎಂದರೆ, ಎತ್ತರ ಕಾಲುಭಾಗಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಬೆಣೆಯನ್ನು ಒಮ್ಮೆ ಎತ್ತಿಟ್ಟು ಮನೆಗೆ ಹೋದರೆ ಹಂಚಿಕೆ ಸಮನಾಗಿ ಉಳಿಯದು. ನೀರು ತಗ್ಗಿದಂತೆ ಕಾಲುವೆಯ ತಲೆಯಲ್ಲಿರುವ ಗದ್ದೆಗೆ ಹೇಗೋ ನೀರು ದೊರೆತರೂ ತುದಿಯಲ್ಲಿರುವ ಗದ್ದೆಗೆ ಮುಟ್ಟುವುದಿಲ್ಲ. ನೀರುಗಂಟಿಯ ಹುದ್ದೆ ಗ್ರಾಮವ್ಯವಸ್ಥೆಯಲ್ಲಿ ಮಹತ್ವ ಪಡೆದಿದ್ದುದಕ್ಕೆ ಈ ಭೌತನಿಯಮವೂ ಒಂದು ಕಾರಣ.

ಬೃಹತ್ ಪ್ರಮಾಣದಲ್ಲಿ ಗುರುತ್ವವೇ ಪ್ರಧಾನ. ರಂಧ್ರವನ್ನು ಕಿರಿದುಗೊಳಿಸುತ್ತ ಹೋದಂತೆ ಮತ್ತೊಂದು ಬಲ ಮುನ್ನೆಲೆಗೆ ಬರುತ್ತದೆ. ಅದು ಮೇಲ್ಮೈ ಕರ್ಷಣ. ದ್ರವದ ಮೇಲ್ಮೈ ಎಳೆದು ಬಿಗಿದ ಪೊರೆಯಂತೆ ವರ್ತಿಸಿ, ಆದಷ್ಟು ಕಡಿಮೆ ವಿಸ್ತಾರಕ್ಕೆ ಕುಗ್ಗಲು ಯತ್ನಿಸುತ್ತದೆ. ಇದರಿಂದಾಗಿ ಹನಿಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿರುತ್ತದೆ. ಹನಿ ಚಿಕ್ಕದಾದಷ್ಟೂ ಈ ವ್ಯತ್ಯಾಸ ದೊಡ್ಡದು. 50 ಮೈಕ್ರಾನ್ ವ್ಯಾಸದ, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟಿರುವ ನೀರಿನ ಹನಿಯೊಳಗಿನ ಅಧಿಕ ಒತ್ತಡವು ಸುಮಾರು 60 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಅಂಥ ಹನಿಯ ಗಾತ್ರ ಸುಮಾರು 65 ಪಿಕೊಲೀಟರ್. ನಲ್ಲಿಯಿಂದ ತೊಟ್ಟಿಕ್ಕುವ ಒಂದು ಸಾಮಾನ್ಯ ಹನಿಯನ್ನು ಇಪ್ಪತ್ತನೆಯ ಒಂದು ಮಿಲಿಲೀಟರ್ ಎಂದು ಹಿಡಿದರೆ, ಅದರಿಂದ ಇಂಥ ಏಳೂವರೆ ಲಕ್ಷಕ್ಕೂ ಹೆಚ್ಚು ಹನಿಗಳನ್ನು ಪಡೆಯಬಹುದು.

ಧಾರೆಯು ತಾನಾಗಿಯೇ ಹನಿಗಳಾಗಿ ಒಡೆಯುವುದನ್ನು ಫ್ರಾನ್ಸಿನ ಫೆಲಿಕ್ಸ್ ಸಾವಾರ್ 1833ರಲ್ಲಿ ಕ್ರಮಬದ್ಧವಾಗಿ ಅಭ್ಯಸಿಸಿದನು. ಬೆಲ್ಜಿಯಮ್ಮಿನ ಪ್ಲಾಟೊ ಇದಕ್ಕೆ ಮೇಲ್ಮೈ ಕರ್ಷಣವೇ ಕಾರಣವೆಂದು ತೋರಿಸಿದನು. 1878ರ ಸುಮಾರಿಗೆ ಲಾರ್ಡ್ ರ‍್ಯಾಲೆ ಇದರ ಗಣಿತವನ್ನು ಪೂರ್ಣಗೊಳಿಸಿದನು. ಧಾರೆಯ ಮೇಲೆ ಮೂಡುವ ಅಲೆಗಳಲ್ಲಿ ಧಾರೆಯ ವ್ಯಾಸದ ಸುಮಾರು ನಾಲ್ಕೂವರೆ ಪಟ್ಟು ಉದ್ದವಿರುವ ಅಲೆಯೇ ಎಲ್ಲಕ್ಕಿಂತ ಬೇಗ ಬೆಳೆಯುತ್ತದೆ. ಆ ಉದ್ದದ ತುಂಡುಗಳಾಗಿ ಧಾರೆ ಕಡಿದುಹೋಗುತ್ತದೆ. ಪ್ರತಿ ತುಂಡೂ ದುಂಡಗಾಗಿ, ಧಾರೆಯ ವ್ಯಾಸದ ಸುಮಾರು 1.9 ಪಟ್ಟು ವ್ಯಾಸವುಳ್ಳ ಹನಿಯಾಗುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ವೇಗದ, 50 ಮೈಕ್ರಾನ್ ದಪ್ಪದ ಧಾರೆಯಲ್ಲಿ ಈ ಲೆಕ್ಕದಂತೆ ಸೆಕೆಂಡಿಗೆ ಸುಮಾರು 44,000 ಹನಿಗಳು ಹುಟ್ಟುತ್ತವೆ. ದ್ರವಗಳ ಮೇಲ್ಮೈ ಕರ್ಷಣವನ್ನು ಅಳೆಯುವ ವಿಧಾನವನ್ನು ಕುರಿತ ಸಿ. ವಿ. ರಾಮನ್ ಅವರ ಲೇಖನವೂ 1907ರಲ್ಲಿ ಪ್ರಕಟವಾಯಿತೆಂಬುದು ಇಲ್ಲಿ ಸ್ಮರಣೀಯ. ಅವರು ಮುಂದೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ಹನಿಯನ್ನು ಅಂಕೆಗೆ ತಂದ ಆವಿಷ್ಕಾರಗಳು

ಪ್ರಕೃತಿ ತಾನಾಗಿ ಒಡೆಯುವ ಧಾರೆಯ ಹನಿಗಳು ಒಂದೇ ಗಾತ್ರದವಲ್ಲ. ಆದರೆ ಧಾರೆಗೆ ಹೊರಗಿನಿಂದ ನಿಶ್ಚಿತವಾದ ಕಂಪನವನ್ನು ಕೊಟ್ಟರೆ ಅದು ಆ ಕಂಪನದ ಲಯಕ್ಕೇ ಕಡಿಯುತ್ತದೆ, ಹನಿಗಳೆಲ್ಲ ಸಮನಾಗುತ್ತವೆ. ಸೂಕ್ಷ್ಮ ದ್ರವಧಾರೆಯ ಸಕಲ ಆವಿಷ್ಕಾರಗಳಿಗೂ ಈ ಅಂಶವೇ ತಳಹದಿ.

ಶಾಯಿಯನ್ನು ಚಿಮ್ಮಿಸಿ ಬರೆಯುವ ಯತ್ನಗಳಲ್ಲಿ ಲಾರ್ಡ್ ಕೆಲ್ವಿನ್ ತಂತಿಸಂದೇಶಗಳನ್ನು ದಾಖಲಿಸಲು 1867ರಲ್ಲಿ ರೂಪಿಸಿದ ಉಪಕರಣ ಬಹು ಮುಂಚಿನದು. ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಹೃದಯದ ವಿದ್ಯುತ್ ಸ್ಪಂದನಗಳನ್ನು ಸಣ್ಣ ಶಾಯಿಧಾರೆಯಿಂದ ಕಾಗದದ ಮೇಲೆ ಬರೆಯುವ ಸಾಧನಕ್ಕೆ 1951ರಲ್ಲಿ ಪೇಟೆಂಟ್ ಪಡೆದನು. ಲೋಹದ ಲೇಖನಿಯ ಜಡತ್ವ ಅಡ್ಡಿಯಾಗುತ್ತಿದ್ದ ಕಡೆ ತೂಕವೇ ಇಲ್ಲದಂಥ ಧಾರೆ ಅನುಕೂಲವಾಯಿತು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಸ್ವೀಟ್ ಮತ್ತೊಂದು ಹೆಜ್ಜೆ ಮುಂದಿಟ್ಟನು. ಧಾರೆಯಿಂದ ಕಡಿಯುವ ಪ್ರತಿ ಹನಿಗೂ ಬೇಕಾದಷ್ಟು ವಿದ್ಯುದಾವೇಶವನ್ನು ನೀಡಿ, ಅನಂತರ ವಿದ್ಯುತ್ ಕ್ಷೇತ್ರದ ಮೂಲಕ ಹಾಯಿಸಿ, ಒಂದೊಂದು ಹನಿಯನ್ನೂ ಬೇರೆ ಬೇರೆ ಕಡೆಗೆ ಬಾಗಿಸುವ ಕ್ರಮವಿದು. ಬೇಡವಾದ ಹನಿಗಳು ಕಾಲುವೆಯ ಕೋಡಿಯಲ್ಲಿ ಹೆಚ್ಚುವರಿ ನೀರು ಹರಿದಂತೆ ಮರಳಿ ಸಂಗ್ರಹಕ್ಕೆ ಸೇರುತ್ತವೆ. ಔಷಧದ ಡಬ್ಬಿಗಳ ಮತ್ತು ಆಹಾರದ ಪೊಟ್ಟಣಗಳ ಮೇಲೆ ಚುಕ್ಕೆಚುಕ್ಕೆಯಾಗಿ ಮೂಡಿರುವ ದಿನಾಂಕಗಳಲ್ಲಿ ಬಹಳಷ್ಟು ಈ ಕ್ರಮದಿಂದಲೇ ಮುದ್ರಿತವಾದವು.

ಸದಾ ಹರಿಯುವ ಧಾರೆಯ ಬದಲು ಬೇಕೆಂದಾಗ ಮಾತ್ರ ಒಂದು ಹನಿಯನ್ನು ಹೊರಡಿಸುವುದು ಎರಡನೆಯ ಮಾರ್ಗ. ಇದರಲ್ಲಿ ಎರಡು ಕವಲುಗಳಿವೆ. ವಿದ್ಯುತ್ ಹಾಯಿಸಿದಾಗ ಆಕಾರ ಬದಲಿಸುವ ಪೀಜೋ ಹರಳಿನ ಕೊಳವೆಯನ್ನು ಹಿಂಡಿ ಹನಿಯನ್ನು ತಳ್ಳುವ ವಿಧಾನಕ್ಕೆ ಸ್ಟೀವನ್ ಜೋಲ್ಟನ್ 1972ರಲ್ಲಿ ಪೇಟೆಂಟ್ ಪಡೆದನು. ಮತ್ತೊಂದು ಕವಲು ಉಷ್ಣದ್ದು. ಜಪಾನಿನ ಕ್ಯಾನನ್ ಸಂಸ್ಥೆಯ ಇಚಿರೋ ಎಂಡೋ 1977ರಲ್ಲಿ, ಕಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಪಿಚಕಾರಿಯ ಸೂಜಿಗೆ ತಗುಲಿದಾಗ ಶಾಯಿ ಚಿಮ್ಮಿದುದನ್ನು ಗಮನಿಸಿದ ಸಂಗತಿ ಪ್ರಸಿದ್ಧವಾಗಿದೆ. ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಶಾಯಿಯ ತೆಳುಪದರವನ್ನು ಆವಿಯಾಗಿಸಿ, ಆ ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರದೂಡುವುದು ಇದರ ಮರ್ಮ. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯೂ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡು, 1984ರಲ್ಲಿ ಥಿಂಕ್‌ಜೆಟ್ ಮುದ್ರಕವನ್ನು ಮಾರುಕಟ್ಟೆಗೆ ತಂದಿತು.

ಶಾಯಿಯಂಥ ತೆಳು ದ್ರವಗಳಿಗೆ ಸಾಕಾದ ಈ ವಿಧಾನಗಳು ಅಂಟು, ರಾಳ, ಬೆಸುಗೆಯ ಲೇಪ ಮೊದಲಾದ ಸ್ನಿಗ್ಧ ದ್ರವಗಳಿಗೆ ಸಾಲವು. ಎಲೆಕ್ಟ್ರಾನಿಕ್ ಫಲಕಗಳ ಜೋಡಣೆಯಲ್ಲಿ ಇಂಥ ದ್ರವಗಳನ್ನು ಬಹುಕಾಲ ಸೂಜಿಯಿಂದ ಇಡಲಾಗುತ್ತಿತ್ತು. ಸೂಜಿ ಪ್ರತಿ ಬಿಂದುವಿನಲ್ಲಿಯೂ ಫಲಕದ ಸಮೀಪಕ್ಕೆ ಇಳಿಯಬೇಕು, ದ್ರವ ಫಲಕಕ್ಕೆ ಅಂಟಿಕೊಳ್ಳಬೇಕು, ಸೂಜಿ ಮೇಲೇಳುವಾಗ ಎಳೆ ಕಡಿಯಬೇಕು. ಫಲಕ ಸ್ವಲ್ಪ ಬಾಗಿದ್ದರೂ ಬಿಂದುವಿನ ಗಾತ್ರ ಕೆಡುತ್ತಿತ್ತು. 1990ರ ದಶಕದಲ್ಲಿ ಬಳಕೆಗೆ ಬಂದ ಚಿಮ್ಮು ಕವಾಟದಲ್ಲಿ ಗಟ್ಟಿಯಾದ ಕಡ್ಡಿಯೊಂದು ಮೂತಿಯ ಹಿಂಭಾಗದ ಪೀಠಕ್ಕೆ ವೇಗವಾಗಿ ಬಡಿಯುತ್ತದೆ. ಆ ಬಡಿತದ ಒತ್ತಡಕ್ಕೆ ನಿಶ್ಚಿತ ಪ್ರಮಾಣದ ದ್ರವ ಮೂತಿಯಿಂದ ಕಡಿದು ದೂರದಿಂದಲೇ ಫಲಕಕ್ಕೆ ಬೀಳುತ್ತದೆ. ಸೂಜಿಯ ಏರಿಳಿತ ತಪ್ಪಿದ ಕಾರಣ ಸೆಕೆಂಡಿಗೆ ನೂರಾರು ಬಿಂದುಗಳನ್ನು ಇಡುವುದು ಸಾಧ್ಯವಾಯಿತು. ಸಿಲಿಕಾನ್ ಬಿಲ್ಲೆಯ ಕೆಳಗಣ ಕಿರಿದಾದ ಎಡೆಯನ್ನು ರಾಳದಿಂದ ತುಂಬುವ ಕಾರ್ಯದಲ್ಲಿ ಇದರ ಉಪಯೋಗ ವಿಶೇಷವಾದುದು.

ಈ ಎಲ್ಲ ವಿಧಾನಗಳಿಗೂ ಎರಡು ಸಾಮಾನ್ಯ ಶತ್ರುಗಳಿವೆ. ದ್ರವ ಅತಿ ತೆಳುವಾದರೆ ಮುಖ್ಯ ಹನಿಯ ಬಾಲ ಕಡಿದು ಮರಿಹನಿಗಳಾಗಿ ಸುತ್ತ ಚೆಲ್ಲುತ್ತದೆ. ಅತಿ ಸ್ನಿಗ್ಧವಾದರೆ ಹನಿ ಬೇರ್ಪಡುವುದೇ ಇಲ್ಲ. ಸ್ನಿಗ್ಧತೆ, ಸಾಂದ್ರತೆ, ಮೇಲ್ಮೈ ಕರ್ಷಣ ಮತ್ತು ಮೂತಿಯ ಗಾತ್ರಗಳನ್ನು ಕೂಡಿಸುವ ಸಂಖ್ಯೆಯೊಂದನ್ನು ಜರ್ಮನಿಯ ಓನೆಸೋರ್ಗೆ 1936ರಲ್ಲಿ ಮುಂದಿಟ್ಟನು. ಯಾವ ದ್ರವ ಯಾವ ಮೂತಿಗೆ ಒಗ್ಗುತ್ತದೆಂಬುದನ್ನು ತಂತ್ರಜ್ಞರು ಇಂದಿಗೂ ಆ ಸಂಖ್ಯೆಯಿಂದಲೇ ಅಂದಾಜಿಸುತ್ತಾರೆ. ಮೂತಿ ಕಟ್ಟಿಕೊಳ್ಳುವುದು ಎರಡನೆಯ ಶತ್ರು. ಚಿಕ್ಕ ಹನಿ ಬೇಕಾದರೆ ಚಿಕ್ಕ ರಂಧ್ರ ಬೇಕು. ಚಿಕ್ಕ ರಂಧ್ರವನ್ನು ಚಿಕ್ಕ ಕಣವೂ ಮುಚ್ಚಿಬಿಡುತ್ತದೆ.

ಕರ್ನಾಟಕದ ನೆಲೆಯಲ್ಲಿ ದ್ರವಧಾರೆ

ನಿಖರವಾದ ದ್ರವಧಾರೆಯ ತಯಾರಿಕೆಗೆ ಕರ್ನಾಟಕ ಹೊಸದಲ್ಲ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಜನರ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಎಂಜಿನ್ನುಗಳ ಇಂಧನ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ಕೆಲವೇ ಮಿಲಿಸೆಕೆಂಡುಗಳಲ್ಲಿ ಉರಿದು ಮುಗಿಯಬೇಕಾದುದರಿಂದ ಅದನ್ನು ಮಂಜಿನಂತೆ ಸೂಕ್ಷ್ಮವಾಗಿ ಸಿಡಿಸಬೇಕು. ಅಂಥ ಪಂಪಿನ ಒತ್ತುದಂಡಕ್ಕೂ ಅದರ ಕೊಳವೆಗೂ ನಡುವೆ ಇರುವ ತೆರವು ಕೆಲವೇ ಮೈಕ್ರಾನ್. ಇತ್ತೀಚಿನ ಎಂಜಿನ್ನುಗಳಲ್ಲಿ ಒತ್ತಡ ವಾಯುಮಂಡಲದ ಎರಡು ಸಾವಿರ ಪಟ್ಟನ್ನೂ ಮೀರಿದ್ದು, ಮೂತಿಯ ರಂಧ್ರಗಳು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿವೆ. ಇಂಥ ಭಾಗಗಳನ್ನು ಕೊರೆಯುವ, ಮಸೆಯುವ, ಅಳೆಯುವ ಕುಶಲತೆ ನಗರದಲ್ಲಿ ಒಂದು ಕಾರ್ಮಿಕ ಪರಂಪರೆಯಾಗಿ ಬೆಳೆಯಿತು.

ಕಡೂರು, ತರೀಕೆರೆ, ಅಜ್ಜಂಪುರಗಳ ಅಡಕೆ ಮತ್ತು ತೆಂಗಿನ ತೋಟಗಳಿಗೆ ಬಂದ ಹನಿ ನೀರಾವರಿ ಇದೇ ತತ್ತ್ವದ ಕೃಷಿರೂಪ. ಇಸ್ರೇಲಿನ ಸಿಮ್ಚಾ ಬ್ಲಾಸ್ ರೂಪಿಸಿದ ಈ ವಿಧಾನವು 1960ರ ದಶಕದ ನಡುಭಾಗದಲ್ಲಿ ವಾಣಿಜ್ಯರೂಪ ಪಡೆಯಿತು. ಟಾರಿಚೆಲ್ಲಿಯ ನಿಯಮದಂತೆ ಒತ್ತಡ ಹೆಚ್ಚಿದ್ದ ಕಡೆ ಹೆಚ್ಚು ನೀರು, ಕಡಿಮೆಯಿದ್ದ ಕಡೆ ಕಡಿಮೆ ನೀರು ಬೀಳುವುದು ಸಹಜ. ಇಳಿಜಾರಿನ ತೋಟದಲ್ಲಿ ಕೊಳವೆಯ ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಸಮಪಾಲು ದೊರೆಯಬೇಕಾದರೆ ಒತ್ತಡವನ್ನು ಸರಿದೂಗಿಸುವ ಹನಿಮೂತಿ ಬೇಕು. ಅದರೊಳಗಿನ ರಬ್ಬರಿನ ತೆಳುಬಿಲ್ಲೆ ಒತ್ತಡ ಏರಿದಾಗ ಬಾಗಿ ದಾರಿಯನ್ನು ಕಿರಿದು ಮಾಡುತ್ತದೆ, ಒತ್ತಡ ಇಳಿದಾಗ ಸಡಿಲಗೊಂಡು ಅಗಲಿಸುತ್ತದೆ. ನೀರುಗಂಟಿ ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಈ ಬಿಲ್ಲೆ ತಾನೇ ಮಾಡುತ್ತದೆಂದು ಹೇಳಬಹುದು. ಗಂಟೆಗೆ ಎರಡು, ನಾಲ್ಕು ಅಥವಾ ಎಂಟು ಲೀಟರಿನ ಮೂತಿಗಳು ರೂಢಿಯಲ್ಲಿವೆ. ಇಲ್ಲಿಯೂ ಕಟ್ಟಿಕೊಳ್ಳುವುದೇ ದೊಡ್ಡ ತೊಡಕು. ಕೊಳವೆಬಾವಿಯ ಗಡಸು ನೀರಿನ ಲವಣ ಮೂತಿಯಲ್ಲಿ ಕೂತರೆ ಗಿಡ ಒಣಗುವವರೆಗೂ ಕೆಲವೊಮ್ಮೆ ಅದು ತಿಳಿಯುವುದಿಲ್ಲ.

ಈ ತೊಡಕಿಗೆ ಬೆಂಗಳೂರಿನಿಂದ ಬಂದ ಒಂದು ಪರಿಹಾರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಪ್ರೊಸೆಂಜಿತ್ ಸೇನ್ ಮತ್ತು ಸಹೋದ್ಯೋಗಿಗಳು ಹನಿಯ ಅಪ್ಪಳಿಕೆಯಿಂದಲೇ ಮುದ್ರಿಸುವ ವಿಧಾನವೊಂದನ್ನು 2020ರಲ್ಲಿ ಪ್ರಕಟಿಸಿದರು. ಇದರಲ್ಲಿ ಮೂತಿಯೇ ಇಲ್ಲ. ನೀರನ್ನು ಅತಿಯಾಗಿ ವಿಕರ್ಷಿಸುವಂತೆ ಸಂಸ್ಕರಿಸಿದ ಸಣ್ಣ ಕಣ್ಣಿನ ಜರಡಿಯ ಮೇಲೆ ದೊಡ್ಡ ಹನಿಯೊಂದನ್ನು ಬೀಳಿಸಲಾಗುತ್ತದೆ. ಹನಿ ಮೊದಲು ಚಪ್ಪಟೆಯಾಗಿ ಹರಡುತ್ತದೆ, ಬಳಿಕ ಹಿಂದಕ್ಕೆ ಕುಗ್ಗುತ್ತದೆ. ಆ ಕುಗ್ಗುವಿಕೆಯಲ್ಲಿ ಅದರ ನಡುವೆ ಉಂಟಾದ ಗಾಳಿಯ ಕುಳಿ ಕುಸಿದು, ಹನಿಯ ಚಲನಶಕ್ತಿ ಒಂದು ಬಿಂದುವಿಗೆ ಕೇಂದ್ರೀಕೃತವಾಗುತ್ತದೆ, ಜರಡಿಯ ಒಂದು ಕಣ್ಣಿನಿಂದ ಒಂದೇ ಒಂದು ಸೂಕ್ಷ್ಮ ಹನಿ ಕೆಳಗೆ ಚಿಮ್ಮುತ್ತದೆ, ಮರಿಹನಿಗಳು ಉಂಟಾಗುವುದಿಲ್ಲ. ದ್ರವ ಜರಡಿಗೆ ಅಂಟದ ಕಾರಣ ಕಟ್ಟಿಕೊಳ್ಳುವ ಭಯವೂ ಕಡಿಮೆ. ಘನಕಣಗಳು ದಟ್ಟವಾಗಿರುವ ಶಾಯಿಗಳನ್ನೂ ಜೈವಿಕ ದ್ರವಗಳನ್ನೂ ಹೀಗೆ ಮುದ್ರಿಸಬಹುದು. ಸಾವಾರ್ ಮತ್ತು ರ‍್ಯಾಲೆ ಅಭ್ಯಸಿಸಿದ ಮೇಲ್ಮೈ ಕರ್ಷಣವನ್ನು ಇಲ್ಲಿ ಅಡ್ಡಿಯೆಂದು ಎಣಿಸದೆ ಸಾಧನವಾಗಿಯೇ ಬಳಸಿಕೊಂಡಿರುವುದು ಈ ಆವಿಷ್ಕಾರದ ಸ್ವಾರಸ್ಯ. ದುಬಾರಿ ಮೂತಿಯ ಬದಲು ಅಗ್ಗದ ಜರಡಿ ಸಾಕೆಂಬುದು ಸಣ್ಣ ಪ್ರಯೋಗಾಲಯಗಳ ದೃಷ್ಟಿಯಿಂದ ಮಹತ್ವದ್ದು.

ಪರದೆ: ಬೆಳಕಿನ ತೂಬು

ಮೂತಿ ದ್ರವವನ್ನು ಹಂಚುವಂತೆ ಪರದೆ ಬೆಳಕನ್ನು ಹಂಚುತ್ತದೆ. ಪ್ರಕ್ಷೇಪಕದಿಂದ ಬಂದ ಬೆಳಕಿಗೆ ಪರದೆ ತಾನಾಗಿ ಏನನ್ನೂ ಸೇರಿಸಲಾರದು. ಕೆರೆಯಲ್ಲಿರುವಷ್ಟೇ ನೀರನ್ನು ತೂಬು ಬಿಡುವಂತೆ, ಬಂದಷ್ಟೇ ಬೆಳಕನ್ನು ಅದು ಪ್ರೇಕ್ಷಕರ ಕಡೆಗೆ ತಿರುಗಿಸುತ್ತದೆ. ಪರದೆಯ ವಿನ್ಯಾಸದ ಸಮಸ್ತ ಚರಿತ್ರೆಯೂ ಈ ಬೆಳಕು ಯಾರಿಗೆ ಎಷ್ಟು ಎಂಬ ಪ್ರಶ್ನೆಯ ಸುತ್ತ ಸುತ್ತುತ್ತದೆ.

ಕನ್ನಡ ನಾಡಿನಲ್ಲಿ ಚಲನಚಿತ್ರಕ್ಕಿಂತ ಬಹು ಹಿಂದೆಯೇ ಪರದೆಯ ಕಲೆಯೊಂದು ನೆಲೆಸಿತ್ತು. ತೊಗಲುಗೊಂಬೆಯಾಟದಲ್ಲಿ ಬಿಳಿಯ ಬಟ್ಟೆಯ ಹಿಂದೆ ಎಣ್ಣೆಯ ದೀಪವಿರುತ್ತಿತ್ತು. ದೀಪಕ್ಕೂ ಬಟ್ಟೆಗೂ ನಡುವೆ, ಹದಮಾಡಿ ಬಣ್ಣ ಹಾಕಿದ ತೆಳುತೊಗಲಿನ ಗೊಂಬೆ. ಪ್ರೇಕ್ಷಕರು ಬಟ್ಟೆಯ ಮುಂದೆ. ಇಂದಿನ ಪರಿಭಾಷೆಯಲ್ಲಿ ಇದು ಹಿಂಬದಿಯ ಪ್ರಕ್ಷೇಪಣ. ತೊಗಲು ಅರೆಪಾರದರ್ಶಕವಾದುದರಿಂದ ಬರಿಯ ನೆರಳಷ್ಟೇ ಅಲ್ಲದೆ ಬಣ್ಣವೂ ಬಟ್ಟೆಯ ಮೇಲೆ ಮೂಡುತ್ತದೆ. ದೀಪದ ಕುಡಿ ಬಿಂದುವಲ್ಲ, ಅದಕ್ಕೆ ಅಗಲವುಂಟು. ಆದಕಾರಣ ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದಾಗ ಅಂಚು ಸ್ಫುಟವಾಗುತ್ತದೆ, ದೂರ ಸರಿಸಿದಾಗ ಮಸುಕಾಗಿ ದೊಡ್ಡದಾಗುತ್ತದೆ. ಆಟಗಾರರು ಈ ಗುಣವನ್ನು ಪಾತ್ರಗಳ ಪ್ರವೇಶ ನಿರ್ಗಮನಗಳಲ್ಲಿ ಬಳಸಿಕೊಳ್ಳಬಲ್ಲರು. ಬಟ್ಟೆಯ ನೂಲು ಬೆಳಕನ್ನು ಎಲ್ಲ ಕಡೆಗೂ ಚದುರಿಸುವುದರಿಂದ ಊರಿನ ಜನ ಅಂಗಳದಲ್ಲಿ ಎಲ್ಲಿ ಕುಳಿತರೂ ಚಿತ್ರ ಕಾಣುತ್ತದೆ.

ಎಲ್ಲ ಕಡೆಗೂ ಒಂದೇ ಹೊಳಪಿನಿಂದ ಕಾಣುವ ಇಂಥ ಮಂದಮೈಯ ನಿಯಮವನ್ನು ಯೋಹಾನ್ ಲ್ಯಾಂಬರ್ಟ್ 1760ರಲ್ಲಿ ನಿರೂಪಿಸಿದನು. ಅಂಥ ಆದರ್ಶ ಬಿಳಿಯ ಮೈಗೆ ಹೋಲಿಸಿ ಪರದೆಯೊಂದು ನೇರ ದಿಕ್ಕಿನಲ್ಲಿ ಎಷ್ಟು ಪಟ್ಟು ಹೊಳೆಯುತ್ತದೆಂಬುದನ್ನು ಅದರ ಗೇನ್ ಎನ್ನುತ್ತಾರೆ. ಇದನ್ನು ಲಾಭಾಂಕವೆಂದು ಕರೆಯಬಹುದು. ಚಿತ್ರಮಂದಿರದ ಅಂಕೀಯ ಪ್ರಕ್ಷೇಪಣಕ್ಕೆ ಅಂಗೀಕೃತವಾದ ಹೊಳಪು ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ. ಹನ್ನೆರಡು ಮೀಟರ್ ಅಗಲ, ಐದು ಮೀಟರ್ ಎತ್ತರದ ಪರದೆಯ ಲಾಭಾಂಕ 1 ಆಗಿದ್ದರೆ ಅದಕ್ಕೆ ಸುಮಾರು 9,000 ಲ್ಯೂಮೆನ್ ಬೆಳಕು ಬೀಳಬೇಕು; ಲಾಭಾಂಕ 1.8 ಆಗಿದ್ದರೆ ಸುಮಾರು 5,000 ಲ್ಯೂಮೆನ್ ಸಾಕು. ಉಳಿತಾಯ ದೊಡ್ಡದು. ಆದರೆ ಈ ಲಾಭ ನಡುವಿನ ಆಸನಗಳದ್ದು. ಅದರ ನಷ್ಟವನ್ನು ಪಕ್ಕದ ಆಸನಗಳು ತೆರುತ್ತವೆ.

ಪರದೆಯ ಬಗೆಗಳು

ದೀಪಗಳು ಮಂದವಾಗಿದ್ದ ಚಲನಚಿತ್ರದ ಆರಂಭಕಾಲದಲ್ಲಿ ಬೆಳಕನ್ನು ಉಳಿಸುವುದೇ ಮುಖ್ಯವಾಗಿತ್ತು. ಬಟ್ಟೆಗೆ ಲೋಹದ ಪುಡಿಯನ್ನು ಬಳಿದ ಬೆಳ್ಳಿಪರದೆ ಹುಟ್ಟಿದುದು ಹೀಗೆ. ಅದರ ನೆನಪು ಇಂದಿಗೂ ಬೆಳ್ಳಿತೆರೆ ಎಂಬ ಮಾತಿನಲ್ಲಿ ಉಳಿದಿದೆ. ಇಂಥ ಮೈ ಬೆಳಕನ್ನು ಕನ್ನಡಿಯ ಕೋನದಲ್ಲಿ ಹಿಂದಿರುಗಿಸುತ್ತದೆ. ಸಣ್ಣ ಗಾಜಿನ ಮಣಿಗಳನ್ನು ಹಾಸಿದ ಮಣಿಪರದೆ ಇದಕ್ಕೆ ವಿರುದ್ಧ. ಪ್ರತಿ ಮಣಿಯೂ ಪುಟ್ಟ ಮಸೂರದಂತೆ ಬೆಳಕನ್ನು ತನ್ನ ಹಿಂಬದಿಗೆ ಕೂಡಿಸಿ, ಬಂದ ದಾರಿಯಲ್ಲೇ ಮರಳಿ ಕಳುಹಿಸುತ್ತದೆ. ಆದ್ದರಿಂದ ಪ್ರಕ್ಷೇಪಕವನ್ನು ಛಾವಣಿಗೆ ತೂಗುಹಾಕಿದ ಕೋಣೆಯಲ್ಲಿ ಮಣಿಪರದೆಯನ್ನು ಬಳಸಿದರೆ ಹೊಳಪೆಲ್ಲ ಛಾವಣಿಯ ಕಡೆಗೇ ಹೋಗುತ್ತದೆ. ಪ್ರೇಕ್ಷಕರ ಮಟ್ಟದಲ್ಲಿಯೇ ಮೇಜಿನ ಮೇಲೆ ಇಟ್ಟಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಶಾಲೆ ಕಾಲೇಜುಗಳಿಗೆ ಪರದೆ ಕೊಳ್ಳುವವರು ಗಮನಿಸಬೇಕಾದ ಅಂಶವಿದು.

ಮೂರನೆಯದು ಗೆರೆಮಸೂರದ ಪರದೆ. ಅದರ ಮೈಮೇಲೆ ನಿಲುವಾಗಿ ಕೊರೆದ ಸೂಕ್ಷ್ಮ ಸಿಲಿಂಡರುಗಳು ಬೆಳಕನ್ನು ಎಡಬಲಕ್ಕೆ ಹೆಚ್ಚು ಹರಡಿ, ಮೇಲೆ ಕೆಳಗೆ ವ್ಯರ್ಥವಾಗದಂತೆ ತಡೆಯುತ್ತವೆ. ಪ್ರೇಕ್ಷಕರು ಅಗಲಕ್ಕೆ ಕುಳಿತಿರುವರೇ ಹೊರತು ಛಾವಣಿಯಲ್ಲಿ ಯಾರೂ ಇಲ್ಲವೆಂಬ ಸರಳ ವಿವೇಕವೇ ಇದರ ಆಧಾರ. ಹಿಂಬದಿಯ ಪ್ರಕ್ಷೇಪಣದ ದೂರದರ್ಶನಗಳಲ್ಲಿ ಫ್ರೆನೆಲ್ ಮಸೂರದ ಹಾಳೆಯೊಂದು ಬೆಳಕಿನ ಕಿರಣಗಳನ್ನು ಮೊದಲು ಸಮಾಂತರವಾಗಿಸುತ್ತಿತ್ತು, ಅನಂತರ ಗೆರೆಮಸೂರ ಅವನ್ನು ಹರಡುತ್ತಿತ್ತು. ಗೆರೆಗಳ ನಡುವಿನ ಕಪ್ಪು ಪಟ್ಟಿಗಳು ಕೋಣೆಯ ಬೆಳಕನ್ನು ಹೀರಿ ಚಿತ್ರದ ಕಪ್ಪನ್ನು ಕಾಯ್ದುಕೊಳ್ಳುತ್ತಿದ್ದವು. ಹಗಲಿನಲ್ಲಿ ಕಿಟಕಿ ತೆರೆದಿಟ್ಟು ನೋಡಬಹುದಾದ ಇತ್ತೀಚಿನ ಪರದೆಗಳು ಇದೇ ಯುಕ್ತಿಯ ಮುಂದುವರಿಕೆ. ಮೇಲಿನಿಂದ ಬೀಳುವ ಬೆಳಕನ್ನು ನುಂಗಿ, ಕೆಳಗಿನ ಪ್ರಕ್ಷೇಪಕದ ಬೆಳಕನ್ನು ಮಾತ್ರ ನೋಡುಗನ ಕಡೆ ತಿರುಗಿಸುವಂತೆ ಅವುಗಳ ಮೈಯನ್ನು ಗರಗಸದ ಹಲ್ಲಿನಂತೆ ಕಡೆಯಲಾಗಿರುತ್ತದೆ.

ಮಾತು ಬಂದಾಗ ಪರದೆಗೆ ಹೊಸ ಕರ್ತವ್ಯ ಕೂಡಿತು. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ 1934ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ದನಿ ಪಾತ್ರದ ಬಾಯಿಂದಲೇ ಬಂದಂತೆ ಕೇಳಬೇಕಾದರೆ ಧ್ವನಿವರ್ಧಕ ಪರದೆಯ ಹಿಂದಿರಬೇಕು, ದನಿ ಪರದೆಯನ್ನು ದಾಟಿ ಬರಬೇಕು. ಇದಕ್ಕಾಗಿ ಪರದೆಯ ತುಂಬ ಸುಮಾರು ಒಂದು ಮಿಲಿಮೀಟರ್ ವ್ಯಾಸದ ರಂಧ್ರಗಳನ್ನು ಮಾಡುವ ಪದ್ಧತಿ ಬಂದಿತು. ರಂಧ್ರಗಳು ಮೈಯ ಸುಮಾರು ನೂರಕ್ಕೆ ಐದರಷ್ಟನ್ನು ತೆಗೆದುಕೊಳ್ಳುವುದರಿಂದ ಅಷ್ಟು ಬೆಳಕು ನಷ್ಟವಾಗುತ್ತದೆ. ದನಿಗಾಗಿ ಬೆಳಕು ತೆರುವ ಸುಂಕವೆಂದು ಇದನ್ನು ಭಾವಿಸಬಹುದು.

ಮೂರು ಆಯಾಮದ ಚಿತ್ರಗಳು ಮರೆಯಾಗುತ್ತಿದ್ದ ಬೆಳ್ಳಿಪರದೆಗೆ ಮರುಹುಟ್ಟು ನೀಡಿದವು. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರಗಳನ್ನು ಧ್ರುವೀಕೃತ ಬೆಳಕಿನಿಂದ ಕಳುಹಿಸುವ ಕ್ರಮದಲ್ಲಿ, ಬಿಳಿಯ ಮಂದಮೈ ಬೆಳಕನ್ನು ಹಲವು ಬಾರಿ ಚದುರಿಸಿ ಅದರ ಧ್ರುವೀಕರಣವನ್ನು ಕೆಡಿಸುತ್ತದೆ; ಎರಡೂ ಚಿತ್ರಗಳು ಬೆರೆತುಹೋಗುತ್ತವೆ. ಲೋಹದ ಮೈ ಅದನ್ನು ಕಾಪಾಡುತ್ತದೆ. ಭಾರತದ ಮೊದಲ ಮೂರು ಆಯಾಮದ ಚಿತ್ರವೆಂದು ಖ್ಯಾತವಾದ ಮಲೆಯಾಳದ ಮೈ ಡಿಯರ್ ಕುಟ್ಟಿಚಾತ್ತನ್ 1984ರಲ್ಲಿ ಬಿಡುಗಡೆಯಾಯಿತು. ಆದರೆ ಬೆಳ್ಳಿಪರದೆಯಲ್ಲಿ ನಡುಭಾಗ ಹೆಚ್ಚು ಹೊಳೆದು ಅಂಚು ಮಸುಕಾಗುವ ಹಳೆಯ ದೋಷವೂ ಅದರೊಡನೆಯೇ ಮರಳುತ್ತದೆ.

ಪರದೆಯೇ ಆಕಾಶವಾದಾಗ ಸಮಸ್ಯೆ ಮತ್ತೊಂದು ರೂಪ ತಾಳುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಲ್ಲಿ ಆರಂಭವಾಯಿತು. ಮಂಗಳೂರು ಬಳಿಯ ಪಿಲಿಕುಳದಲ್ಲಿ 18 ಮೀಟರ್ ವ್ಯಾಸದ ಗುಮ್ಮಟವುಳ್ಳ, ಮೂರು ಆಯಾಮದ ಪ್ರದರ್ಶನದ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ತೆರೆಯಿತು. ಅರ್ಧಗೋಳದ ಒಳಮೈಯಿಂದ ಹೊರಟ ಬೆಳಕಿನಲ್ಲಿ ಅರ್ಧದಷ್ಟು ಮತ್ತೆ ಅದೇ ಒಳಮೈಗೆ ಬೀಳುತ್ತದೆ. ಗುಮ್ಮಟ ನೂರಕ್ಕೆ ತೊಂಬತ್ತರಷ್ಟು ಬೆಳಕನ್ನು ಪ್ರತಿಫಲಿಸುವಂತಿದ್ದರೆ, ಒಂದು ಕಡೆಯ ಚಂದ್ರನ ಬೆಳಕಿನ ನೂರಕ್ಕೆ ನಲವತ್ತೈದರಷ್ಟು ಮೊದಲ ಮರಳುವಿಕೆಯಲ್ಲಿಯೇ ಎದುರು ಕಡೆಯ ಕತ್ತಲನ್ನು ಕೆಡಿಸುತ್ತದೆ. ಪ್ರತಿಫಲನವನ್ನು ನೂರಕ್ಕೆ ನಲವತ್ತಕ್ಕೆ ಇಳಿಸಿದರೆ ಈ ಕಲಬೆರಕೆ ಇಪ್ಪತ್ತಕ್ಕೆ ಇಳಿಯುತ್ತದೆ. ಆದಕಾರಣ ತಾರಾಲಯದ ಗುಮ್ಮಟಗಳಿಗೆ ಬೇಕೆಂದೇ ಬೂದುಬಣ್ಣ ಬಳಿಯುತ್ತಾರೆ. ನಕ್ಷತ್ರ ಕಾಣಬೇಕಾದರೆ ಪರದೆ ಬೆಳಕನ್ನು ತೊರೆಯಬೇಕೆಂಬುದು ಇಲ್ಲಿನ ವಿಚಿತ್ರ ಆದರೆ ಸಕಾರಣವಾದ ನಿರ್ಣಯ.

ಎರಡು ಮಾರ್ಗಗಳ ಸಂಗಮ

ಹನಿ ಮತ್ತು ಪರದೆಗಳ ಸಂಬಂಧ ಕೇವಲ ಹೋಲಿಕೆಯದಲ್ಲ. ಮಣಿಪರದೆಯ ಗಾಜಿನ ಮಣಿಗಳನ್ನು ಕಡೆದು ಮಾಡುವುದಿಲ್ಲ. ಗಾಜಿನ ಪುಡಿಯನ್ನು ಜ್ವಾಲೆಯ ಮೂಲಕ ಹಾಯಿಸಿದಾಗ ಪ್ರತಿ ಕಣವೂ ಕರಗಿ, ಮೇಲ್ಮೈ ಕರ್ಷಣದಿಂದ ತಾನೇ ದುಂಡಗಾಗಿ, ತಣಿದು ಮಣಿಯಾಗುತ್ತದೆ. ಶಾಯಿಯ ಹನಿಯನ್ನು ದುಂಡಗಾಗಿಸುವ ಬಲವೇ ಪರದೆಯ ಮಣಿಯನ್ನೂ ರೂಪಿಸುತ್ತದೆ. ಈಚೆಗೆ ಬೆಳಕಿನಿಂದ ಗಟ್ಟಿಯಾಗುವ ಪಾರದರ್ಶಕ ರಾಳದ ಹನಿಗಳನ್ನು ಪೀಜೋ ಮೂತಿಯಿಂದ ಗಾಜಿನ ಮೇಲೆ ಸಾಲಾಗಿ ಇಟ್ಟು ಸೂಕ್ಷ್ಮ ಮಸೂರಗಳನ್ನು ಮಾಡುವ ವಿಧಾನವೂ ಬೆಳೆದಿದೆ. ಸ್ವಯಂಪ್ರಕಾಶಿ ಪ್ರದರ್ಶಕಗಳ ಬಣ್ಣದ ಬಿಂದುಗಳನ್ನು ಶಾಯಿಧಾರೆಯಿಂದ ಮುದ್ರಿಸುವ ಕಾರ್ಯವೂ ನಡೆದಿದೆ. ಅಲ್ಲಿ ಒಂದು ಹನಿ ಹೆಚ್ಚಾದರೆ ಅಥವಾ ಕಡಿಮೆಯಾದರೆ ಅದು ಕೂಡಲೇ ಹೊಳಪಿನ ಕಲೆಯಾಗಿ ಕಣ್ಣಿಗೆ ಬೀಳುತ್ತದೆ. ದ್ರವದ ಹಂಚಿಕೆಯ ತಪ್ಪು ಹೀಗೆ ಬೆಳಕಿನ ಹಂಚಿಕೆಯ ತಪ್ಪಾಗಿ ಪರಿಣಮಿಸುತ್ತದೆ.

ಮೇಲಿನ ಪರಿಶೀಲನೆಯಿಂದ ಒಂದು ಅಂಶ ವ್ಯಕ್ತವಾಗುತ್ತದೆ. ಈ ಆವಿಷ್ಕಾರಗಳ ಮೌಲ್ಯವನ್ನು ವೇಗ, ಹೊಳಪು, ಸೂಕ್ಷ್ಮತೆಗಳ ಅಂಕಿಗಳಿಂದ ಮಾತ್ರ ಅಳೆಯುವುದು ಸಾಲದು. ಮೂತಿಯ ಪರೀಕ್ಷೆ ಕೊಳವೆಯ ಕೊನೆಯ ಗಿಡದಲ್ಲಿದೆ. ಪರದೆಯ ಪರೀಕ್ಷೆ ಪಕ್ಕದ ಕೊನೆಯ ಆಸನದಲ್ಲಿದೆ. ಟೂರಿಂಗ್ ಟಾಕೀಸಿನ ಡೇರೆಯ ಬದಿಯಲ್ಲಿ ನೆಲದ ಮೇಲೆ ಕುಳಿತವನು ಕಂಡ ಚಿತ್ರ ಮಸುಕಾಗಿದ್ದರೆ, ನಡುವಿನ ಕುರ್ಚಿಯವನು ಕಂಡ ಹೊಳಪನ್ನು ಆ ಪರದೆಯ ಗುಣವೆಂದು ಪೂರ್ಣವಾಗಿ ಒಪ್ಪಲಾಗದು. ಹೆಚ್ಚಿನ ಲಾಭಾಂಕದ ಪರದೆಯನ್ನು ಆರಿಸುವವನೂ ಒತ್ತಡ ಸರಿದೂಗಿಸದ ಅಗ್ಗದ ಮೂತಿಯನ್ನು ಆರಿಸುವವನೂ, ತಿಳಿದೋ ತಿಳಿಯದೆಯೋ, ಯಾರಿಗೆ ಕಡಿಮೆ ಸಾಕೆಂಬ ತೀರ್ಮಾನವನ್ನು ಮಾಡಿರುತ್ತಾರೆ.

ಪೋರುಮಾಮಿಳ್ಳದ ಶಾಸನಕಾರನು ನೀರಿಗೂ ನೆಲಕ್ಕೂ ಹೊಂದಿಕೆಯಿಲ್ಲದುದನ್ನು ಕೆರೆಯ ದೋಷವೆಂದು ಕಲ್ಲಿನಲ್ಲಿ ಕೆತ್ತಿಸಿ ಆರೂವರೆ ಶತಮಾನಗಳು ಕಳೆದಿವೆ. ಆ ಅರಸುಮನೆತನದ ಹೆಸರನ್ನು ಹೊತ್ತ ಬುಕ್ಕಾಂಬುಧಿಯ ಸೀಮೆಯಲ್ಲಿ ಇಂದು ತೂಬಿನ ಜೊತೆಗೆ ಹನಿಮೂತಿಯೂ, ಗೊಂಬೆಯಾಟದ ಬಟ್ಟೆಯ ನೆನಪಿನ ಜೊತೆಗೆ ಶಾಲೆಯ ಪ್ರಕ್ಷೇಪಣ ಪರದೆಯೂ ಪರಿಚಿತವಾಗಿವೆ. ರಂಧ್ರ ಕಿರಿದಾಗಿದೆ, ಲೆಕ್ಕ ಸೂಕ್ಷ್ಮವಾಗಿದೆ. ಆದರೆ ತುದಿಯವರೆಗೆ ಮುಟ್ಟಿತೇ ಎಂಬ ನೀರುಗಂಟಿಯ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಕ್ಷೇತ್ರಗಳಲ್ಲಿ ಮುಂದೆ ಶ್ರಮಿಸುವ ಕನ್ನಡದ ತಂತ್ರಜ್ಞರು ತಮ್ಮ ಸಾಧನಗಳನ್ನು ಆ ಪ್ರಶ್ನೆಗೆ ಒಡ್ಡಿ ನೋಡುವುದು ಅಪೇಕ್ಷಣೀಯ.